ಯಕೃತ್ತಿನ ಕುರುವಿಗೆ ಯಾವ ಮದ್ದು?

ದಿನಗಟ್ಟಲೆ ಬಿಡದ ಜ್ವರ, ನಡುನಡುವೆ ಮೈ ನಡುಗಿಸುವ ಚಳಿ, ಬಲಪಕ್ಕೆಯಲ್ಲಿ ಮುಟ್ಟಗೊಡದ ನೋವು. ಇಷ್ಟರಿಂದಲೇ ಯಕೃತ್ತಿನಲ್ಲಿ ಕೀವು ಕಟ್ಟಿದೆಯೆಂದು ಹೇಳಲಾಗದು. ಅಲ್ಟ್ರಾಸೌಂಡ್ ಚಿತ್ರದಲ್ಲಿ ಕುರು ಕಣ್ಣಿಗೆ ಬಿದ್ದ ಮೇಲೂ ವೈದ್ಯರ ಮುಂದೆ ಕಠಿಣವಾದ ಪ್ರಶ್ನೆಯೊಂದು ಉಳಿದೇ ಇರುತ್ತದೆ. ಒಳಗಿರುವ ರೋಗಾಣು ಯಾವುದೆಂದು ಪ್ರಯೋಗಶಾಲೆ ತಿಳಿಸಲು ಎರಡು ಮೂರು ದಿನಗಳು ಬೇಕು. ನಂಜು ರಕ್ತಕ್ಕೇರಿದ ರೋಗಿ ಅಷ್ಟು ಕಾಲ ಕಾಯಲಾರ. ವೈರಿಯ ಹೆಸರು ತಿಳಿಯುವ ಮೊದಲೇ ಅಸ್ತ್ರವನ್ನು ಆರಿಸಬೇಕು.

ಆದರೆ ಈ ಆಯ್ಕೆ ಕುರುಡು ಊಹೆಯಲ್ಲ. ಕರುಳಿನ ರಕ್ತವೆಲ್ಲ ಹೃದಯಕ್ಕೆ ಮರಳುವ ಮುನ್ನ ಯಕೃತ್ತನ್ನು ಹಾದುಹೋಗಬೇಕಷ್ಟೆ. 1938ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಆಕ್ಸ್‌ನರ್ ಮತ್ತು ಡಿಬೇಕಿ ಈ ರೋಗವನ್ನು ಕುರಿತು ಬರೆದಾಗ ಅಪೆಂಡಿಕ್ಸಿನ ಉರಿಯೂತವೇ ಅದರ ಮುಖ್ಯ ಮೂಲವಾಗಿತ್ತು. ಈಗ ಪಿತ್ತನಾಳದ ಕಲ್ಲು, ಅಡಚಣೆಗಳದೇ ಮೇಲುಗೈ. ಯಾವ ದಾರಿಯಾದರೂ ಬರುವವು ಬಹುಮಟ್ಟಿಗೆ ಕರುಳಿನ ನಿವಾಸಿಗಳೇ: ಇ. ಕೋಲಿ, ಕ್ಲೆಬ್ಸಿಯೆಲ್ಲ, ಗಾಳಿಯಿಲ್ಲದೆಡೆ ಬೆಳೆಯುವ ಬ್ಯಾಕ್ಟೀರಿಯಗಳು. ಆದ್ದರಿಂದ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದನ್ನೂ ಮೆಟ್ರೊನಿಡಜೋಲನ್ನೂ ಜೊತೆಗೂಡಿಸಿ ಆರಂಭಿಸುವುದು ವಾಡಿಕೆ.

ಈ ಎರಡನೆಯ ಮದ್ದಿನ ಮಹಿಮೆ ಸಣ್ಣದಲ್ಲ. ನಮ್ಮ ದೇಶದಲ್ಲಿ ಯಕೃತ್ತಿನ ಕುರುವಿಗೆ ಅಮೀಬವೂ ಸಾಮಾನ್ಯ ಕಾರಣ. ಅಮೀಬದ ಕುರುವನ್ನು ಮೆಟ್ರೊನಿಡಜೋಲ್ ಗುಣಪಡಿಸಬಲ್ಲದೆಂದು 1966ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನ ವೈದ್ಯರು ಪ್ರಕಟಿಸಿದರು. ಗಾಳಿಯೊಲ್ಲದ ಬ್ಯಾಕ್ಟೀರಿಯಗಳನ್ನೂ ಕೊಲ್ಲುವುದು ಅದೇ ಮದ್ದು. ಅಮೀಬವೋ ಬ್ಯಾಕ್ಟೀರಿಯವೋ ಎಂಬುದು ಇತ್ಯರ್ಥವಾಗುವ ತನಕ ಅದು ಎರಡೂ ಕಡೆಯ ಕಾವಲು ಕಾಯುತ್ತದೆ.

ಮದ್ದಿನ ಮೊದಲ ಸೂಜಿ ಚುಚ್ಚುವ ಮುನ್ನ ರಕ್ತವನ್ನು ಪರೀಕ್ಷೆಗೆ ತೆಗೆಯಬೇಕು. ಆತುರದಲ್ಲಿ ಇದನ್ನು ಮರೆತರೆ ರೋಗಾಣುವಿನ ಗುರುತೇ ಅಳಿಸಿಹೋದೀತು. ಕುರು 5 ಸೆಂಟಿಮೀಟರಿಗಿಂತ ದೊಡ್ಡದಾದರೆ ಸಾಮಾನ್ಯವಾಗಿ ಕೊಳವೆಯಿಟ್ಟು ಕೀವನ್ನು ಹೊರಹರಿಸುತ್ತಾರೆ. ರಕ್ತ ಹರಿಯದ ಆ ಪೊಟರೆಗೆ ಎಂಥ ಮದ್ದೂ ಸರಿಯಾಗಿ ಇಳಿಯದು. ಹೊರಬಂದ ಕೀವೇ ಮುಂದಿನ ಸಾಕ್ಷಿ. ಸೆಫ್ಟ್ರಿಯಾಕ್ಸೋನಿಗೆ ಜಗ್ಗದ ಇ. ಕೋಲಿ ಕಂಡರೆ ಮೆರೋಪೆನೆಮ್‌ನಂಥ ಪ್ರಬಲ ಮದ್ದಿಗೆ ಏರಬೇಕು. ಸಾಧು ರೋಗಾಣುವಾದರೆ ಕಿರಿಯ ಮದ್ದಿಗೆ ಇಳಿಯಬೇಕು. ಏರುವ ಧೈರ್ಯ ಎಲ್ಲರಿಗೂ ಉಂಟು, ಇಳಿಯುವ ಧೈರ್ಯ ಕೆಲವರಿಗೆ ಮಾತ್ರ! ಒಂದು ಎಚ್ಚರಿಕೆ: ಗಾಳಿ ಸೋಕಿದರೆ ಸಾಯುವ ಬ್ಯಾಕ್ಟೀರಿಯಗಳು ಪ್ರಯೋಗಶಾಲೆಯನ್ನು ಜೀವಂತವಾಗಿ ತಲುಪದಿರಬಹುದು. ವರದಿಯಲ್ಲಿ ಅವುಗಳ ಹೆಸರಿಲ್ಲವೆಂದ ಮಾತ್ರಕ್ಕೆ ಮೆಟ್ರೊನಿಡಜೋಲನ್ನು ನಿಲ್ಲಿಸಲಾಗದು.

1980ರ ದಶಕದಿಂದೀಚೆಗೆ ತೈವಾನಿನಲ್ಲಿ ಬೇರೊಂದು ಬಗೆಯ ರೋಗಿಗಳು ಕಾಣಿಸಿಕೊಂಡರು. ಪಿತ್ತನಾಳದಲ್ಲಿ ದೋಷವಿಲ್ಲ, ಹಲವರಿಗೆ ಮಧುಮೇಹ, ಕುರುವಿನಲ್ಲಿದ್ದುದು ಕ್ಲೆಬ್ಸಿಯೆಲ್ಲ ಒಂದೇ. ಅದು ಯಕೃತ್ತಿನಿಂದ ಕಣ್ಣಿಗೂ ಮಿದುಳಿಗೂ ಹಾರಬಲ್ಲದು. ಇಂಥ ರೋಗಿಯ ದೃಷ್ಟಿ ಮಂಜಾದರೆ ಕಣ್ಣಿನ ವೈದ್ಯರನ್ನು ಆ ದಿನವೇ ಕರೆಸಬೇಕು. ಆಂಪಿಸಿಲಿನ್ ಈ ರೋಗಾಣುವನ್ನು ಏನೂ ಮಾಡದು.

ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅಷ್ಟೂ ದಿನ ಚುಚ್ಚುಮದ್ದೇ ಬೇಕೆ? ಸಿಂಗಪುರದಲ್ಲಿ ಕ್ಲೆಬ್ಸಿಯೆಲ್ಲ ಕುರುವಿನ 152 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ಕೆಲವು ದಿನಗಳ ತರುವಾಯ ಸಿಪ್ರೊಫ್ಲಾಕ್ಸಸಿನ್ ಮಾತ್ರೆಗೆ ಬದಲಾಯಿಸಿದವರು ಚುಚ್ಚುಮದ್ದಿನವರಿಗಿಂತ ಹಿಂದೆ ಬೀಳಲಿಲ್ಲ. ಆದರೆ ಆ ಮಾತ್ರೆಗೆ ಬಗ್ಗದ ರೋಗಾಣುಗಳು ನಮ್ಮಲ್ಲಿ ಹೇರಳ. ವರದಿ ನೋಡದೆ ಅದನ್ನು ನೆಚ್ಚುವಂತಿಲ್ಲ. ಜ್ವರ ಇಳಿದು, ಹಸಿವು ಮರಳಿ, ರೋಗಿ ಕೆಲಸಕ್ಕೆ ಹೋಗತೊಡಗಿದ ಮೇಲೂ ಚಿತ್ರದಲ್ಲಿ ಕುರುವಿನ ನೆರಳು ತಿಂಗಳುಗಟ್ಟಲೆ ಉಳಿಯುವುದುಂಟು. ಆ ನೆರಳೊಂದನ್ನೇ ನೋಡಿ ಮದ್ದನ್ನು ಮುಂದುವರಿಸಬೇಕಾಗಿಲ್ಲ.