ಊರು ಎಷ್ಟು ಬೆಳೆಯಬೇಕು, ಎತ್ತ ಬೆಳೆಯಬೇಕು?

2024ರ ಜೂನ್ 8ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಟೀಟನ್ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೇ ಕಿತ್ತುಹೋಯಿತು. ಕೆಳಗಿನ ಜಾಕ್ಸನ್ ಪೇಟೆಯಲ್ಲಿ ಅಡುಗೆ ಮಾಡುವವರು, ದಾದಿಯರು, ಗಾರೆ ಕೆಲಸದವರು ಬಹಳ ಮಂದಿ ಘಟ್ಟದಾಚೆ ಐಡಹೊ ರಾಜ್ಯದ ವಿಕ್ಟರ್, ಡ್ರಿಗ್ಸ್ ಊರುಗಳಲ್ಲಿ ಮನೆ ಮಾಡಿಕೊಂಡು ದಿನಾ ಓಡಾಡುವವರು. ತಾತ್ಕಾಲಿಕ ರಸ್ತೆ ಆಗುವವರೆಗೆ, ಹತ್ತಿರ ಮೂರು ವಾರ, ಅವರಿಗೆ ಸುತ್ತುದಾರಿಯೇ ಗತಿ. ಹೋಗುವಾಗ ಒಂದು ಗಂಟೆಗೂ ಹೆಚ್ಚು ದಂಡ, ಬರುವಾಗ ಮತ್ತಷ್ಟು.

ದುಡಿಮೆ ಇಲ್ಲಿ, ನಿದ್ದೆ ಅಲ್ಲಿ, ಯಾಕೆ ಹೀಗೆ? ಜಾಕ್ಸನ್ ಇರುವುದು ಟೀಟನ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು ಅನ್ನಿ. ಅಲ್ಲಿನ ನೆಲದಲ್ಲಿ ಸುಮಾರು ಶೇ. 97 ಸರ್ಕಾರದ್ದು: ರಾಷ್ಟ್ರೀಯ ಉದ್ಯಾನ, ಅರಣ್ಯ, ಎಲ್ಕ್ ಜಿಂಕೆಗಳಿಗೆಂದು 1912ರಲ್ಲಿ ಕಾದಿಟ್ಟ ಹುಲ್ಲುಗಾವಲು. ಉಳಿದ ಮೂರು ಪಾಲಿಗೆ ದೇಶದ ಸಿರಿವಂತರು ಮುಗಿಬಿದ್ದಿದ್ದಾರೆ. ವಯೋಮಿಂಗ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಅದೂ ಒಂದು ಸೆಳೆತ. ಮನೆ ಕಟ್ಟದಿದ್ದರೆ ಕೆಲಸದವರು ಸಿಗರು, ಕಂಡಲ್ಲೆಲ್ಲ ಕಟ್ಟಿದರೆ ಚಳಿಗಾಲಕ್ಕೆ ಕೆಳಗಿಳಿಯುವ ಜಿಂಕೆಗಳ ದಾರಿ ಮುಚ್ಚುತ್ತದೆ.

ಈ ಇಕ್ಕಟ್ಟಿಗೆಂದೇ ಪೇಟೆಯೂ ಕೌಂಟಿಯೂ ಸೇರಿ 2012ರಲ್ಲಿ ಒಂದೇ ಸಮಗ್ರ ಯೋಜನೆ ಒಪ್ಪಿಕೊಂಡವು. ಅದಕ್ಕೆ ಮುಂಚೆ ವರ್ಷಗಟ್ಟಲೆ ಸಭೆ, ಕರಡು, ಅಹವಾಲು, ಜಗಳಕ್ಕೂ ಕೊರತೆಯಿರಲಿಲ್ಲ. ಹಳ್ಳಿಗೊಂದು, ಪೇಟೆಗೊಂದು ಯೋಜನೆ ಮಾಡಿ ಒಂದಕ್ಕೊಂದು ಮುಖ ತಿರುಗಿಸಿಕೊಂಡು ಕೂರುವುದು ಎಲ್ಲ ಕಡೆಯ ರೋಗ. ನಮ್ಮ ಸಂವಿಧಾನದ 74ನೇ ತಿದ್ದುಪಡಿ ಪಂಚಾಯಿತಿ, ಪುರಸಭೆಗಳ ಯೋಜನೆಗಳನ್ನು ಒಟ್ಟುಗೂಡಿಸುವ ಜಿಲ್ಲಾ ಯೋಜನಾ ಸಮಿತಿ ಇರಬೇಕೆಂದದ್ದೂ ಇದಕ್ಕೇ. ಅದರ ಐದರಲ್ಲಿ ನಾಲ್ಕು ಪಾಲು ಸದಸ್ಯರು ಚುನಾಯಿತರ ಪೈಕಿಯವರೇ ಆಗಬೇಕು. ಕರ್ನಾಟಕದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು, ವರ್ಷಗಟ್ಟಲೆ ಚುನಾವಣೆಯೇ ಆಗದಿದ್ದಾಗ ಆ ಪಾಲು ಎಲ್ಲಿಂದ ಬರಬೇಕು?

ಟೀಟನ್‌ಗೆ ಮರಳೋಣ. ಅಲ್ಲಿನವರು ಮೊದಲು ಒಟ್ಟು ಲೆಕ್ಕಕ್ಕೆ ಬೇಲಿ ಹಾಕಿದರು: 1994ರ ನಿಯಮಗಳು ಎಷ್ಟು ಮನೆಗಳಿಗೆ ಎಡೆ ಕೊಟ್ಟಿದ್ದವೋ ಅದಕ್ಕಿಂತ ಹೆಚ್ಚಿಲ್ಲ. ಬದಲಾದದ್ದು ಜಾಗ ಮಾತ್ರ. ಹೊಸ ಮನೆಗಳಲ್ಲಿ ಶೇ. 60 ಬರಬೇಕಾದ್ದು ನೀರು, ಒಳಚರಂಡಿ ಆಗಲೇ ಇರುವ, ಶಾಲೆ, ಅಂಗಡಿ, ಬಸ್ಸಿಗೆ ನಡೆದೇ ಹೋಗಬಹುದಾದ ಬಡಾವಣೆಗಳಲ್ಲಿ. ಹಾಗಾಗಿ ಕಾಡಂಚಿನ ಜಮೀನುಗಳಲ್ಲಿ ಕಟ್ಟುವ ಅವಕಾಶ ತಗ್ಗಿಸಿ, ಸುಮಾರು 1,800 ಮನೆಗಳ ಅವಕಾಶವನ್ನು ಪೇಟೆಯೊಳಕ್ಕೆ ತಂದರು. ಹೇಳುವಷ್ಟು ಸಲೀಸಲ್ಲ ಇದು. ಕಾಡಂಚಿನಲ್ಲಿ ಜಮೀನಿದ್ದವನಿಗೆ ಬೆಲೆ ಇಳಿಯುವ ದಿಗಿಲು, ಪೇಟೆಯವನಿಗೆ ಪಕ್ಕದ ಖಾಲಿ ನಿವೇಶನದಲ್ಲಿ ಮೂರಂತಸ್ತು ಏಳುವ ದಿಗಿಲು. ಇನ್ನೊಂದು ಗುರಿ: ದುಡಿಯುವವರಲ್ಲಿ ಶೇ. 65 ಮಂದಿ ಅಲ್ಲೇ ವಾಸವಿರಬೇಕು.

ನನ್ನ ಕಣ್ಣಿಗೆ ಬಿದ್ದದ್ದು ಈ ಗುರಿಗಳಿಗಿಂತ ಹೆಚ್ಚಾಗಿ ಅವುಗಳ ಮೇಲೆ ಕಣ್ಣಿಡುವ ಅಧ್ಯಾಯ. ಅಂಥ ದಪ್ಪ ಪುಸ್ತಕಗಳು ಬೀರುವಿನಲ್ಲಿ ಧೂಳು ತಿನ್ನುವುದು ಜಾಸ್ತಿ. ಇಲ್ಲಿ ಪ್ರತಿ ವರ್ಷ ಅಂಕಿಅಂಶದ ವರದಿ ಹೊರಬರಬೇಕು: ಎಷ್ಟು ಮನೆ ಎದ್ದವು, ಎಲ್ಲಿ, ಕೆಲಸದವರಲ್ಲಿ ಎಷ್ಟು ಮಂದಿ ಒಳಗಿದ್ದಾರೆ. ಮನೆಗಳ ಸಂಖ್ಯೆ ಶೇ. 5 ಏರಿದ್ದೇ ತಡ, ಯೋಜನೆಯನ್ನು ಮತ್ತೆ ಜನರ ಮುಂದಿಟ್ಟು ಪರಿಶೀಲಿಸಬೇಕು. ಅಧಿಕಾರದಲ್ಲಿ ಯಾರಿದ್ದರೂ ಸರಿ, ಅವರ ಮನಸ್ಸಿಗೆ ಕಾಯುವ ಮಾತಿಲ್ಲ.

ಶೇ. 5ರ ಆ ಎಚ್ಚರಿಕೆ ಗಂಟೆ ಬಾರಿಸಿ 2019ರಲ್ಲಿ ಪರಿಶೀಲನೆ ನಡೆಯಿತು. ಶೇ. 65ರ ಗುರಿ ಕೈಗೆಟುಕಿರಲಿಲ್ಲ. 2020ರ ನವೆಂಬರ್‌ನಲ್ಲಿ ತಿದ್ದಿದ ಯೋಜನೆ ಜಾರಿಗೆ ಬಂತು, ಗುರಿ ಹಾಗೇ ಉಳಿಯಿತು. ನಾಲ್ಕು ವರ್ಷ ತುಂಬುವ ಮೊದಲೇ ಘಾಟಿ ರಸ್ತೆ ಕುಸಿಯಿತು.