ಗಾಜಿನ ತೊಟ್ಟಿಯಲ್ಲಿ ಹಿಂಡುಮೀನುಗಳ ಸಾಕಣೆ

ಶಾಲೆಯಲ್ಲಾಗಲಿ ಚಾವಡಿಯಲ್ಲಾಗಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕಬಯಸುವ ಗ್ರಾಮಮುಖಂಡರೂ ಜಮೀನುದಾರರೂ ಗಟ್ಟಿ ಜಾತಿಯ ಮೀನುಗಳನ್ನೇ ಅಪೇಕ್ಷಿಸುವುದು ಸಹಜ. ಆದರೆ ಗಟ್ಟಿ ಜಾತಿಯೆಂದರೆ ಆರೈಕೆಯಿಲ್ಲದೆ ಬದುಕುವುದೆಂದು ಅರ್ಥವಲ್ಲ. ಸಂಗಾತಿಗಳೂ ಹದವಾದ ನೀರೂ ದೊರೆತು, ವಿಷವು ಸೋಕದಿದ್ದರೆ ಮಾತ್ರ ಆ ಗಟ್ಟಿತನವು ಉಳಿಯುವುದು.

ನಮ್ಮ ದೇಶದವೇ ಆದ ಜೀಬ್ರಾ ಡೇನಿಯೊ, ರೋಸಿ ಬಾರ್ಬ್ ಎಂಬ ಎರಡು ಜಾತಿಗಳು ಹೊಸಬರಿಗೆ ಯೋಗ್ಯವಾದುವು. ಒಂದೇ ತೊಟ್ಟಿಯಲ್ಲಿ ಹೊಂದಿಕೊಂಡು ಬಾಳುವುವು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ವೈದ್ಯರಾದ ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್ನರೇ ಇವೆರಡನ್ನೂ ಗಂಗಾನದಿಯ ಮೀನುಗಳನ್ನು ಕುರಿತ 1822ರ ಗ್ರಂಥದಲ್ಲಿ ವರ್ಣಿಸಿದ್ದಾರೆ. ಇವು ಹಿಂಡಾಗಿ ಬಾಳುವ ಸ್ವಭಾವದವು. ಹಿಂಡಿನಲ್ಲಿ ಒಂದನ್ನೇ ಗುರಿಯಿಟ್ಟು ಹಿಡಿಯುವುದು ಶತ್ರುವಿಗೆ ಕಷ್ಟ. ಒಂದೆರಡನ್ನೇ ಬಿಟ್ಟರೆ ಹೆದರಿ ಮೂಲೆ ಸೇರುವುವು. ಇಲ್ಲವೆ ಬಲಿಷ್ಠವಾದುದು ದುರ್ಬಲವಾದುದನ್ನು ಅಟ್ಟಿ ಕಾಡುವುದು. ಆದಕಾರಣ ಪ್ರತಿ ಜಾತಿಯಲ್ಲಿಯೂ 6ಕ್ಕೆ ಕಡಿಮೆ ಇಡಬಾರದು.

8 ಡೇನಿಯೊ, 6 ಬಾರ್ಬುಗಳಿಗೆ 90 ಸೆಂಟಿಮೀಟರು ಉದ್ದ, 38 ಅಗಲ, 38 ಎತ್ತರದ ತೊಟ್ಟಿಯು ಸಾಕು. ತುಂಬಿದ ತೊಟ್ಟಿಯು ಸುಮಾರು ಒಂದೂವರೆ ಕ್ವಿಂಟಲು ತೂಗುವುದರಿಂದ ಪೀಠವು ಭದ್ರವಾಗಿರಬೇಕು. ಡೇನಿಯೊಗಳು ನೆಗೆಯುವುದರಿಂದ ಮುಚ್ಚಳವು ಅವಶ್ಯ.

ಮೀನಿನ ಮಲವೂ ಮಿಕ್ಕ ಆಹಾರವೂ ಕೊಳೆತು ಅಮೋನಿಯಾ ಎಂಬ ವಿಷವಾಗುವುದು. ಅದನ್ನು ಅಳಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿರುವುದಿಲ್ಲ. ಆದುದರಿಂದ ನೀರು ತುಂಬಿ, ಶೋಧಕವನ್ನು ನಡೆಸುತ್ತ, ದಿನವೂ ಚಿಟಿಕೆ ಆಹಾರವನ್ನು ಹಾಕಿ, ನಾಲ್ಕರಿಂದ ಆರು ವಾರ ಕಾಯತಕ್ಕದ್ದು. ಪರೀಕ್ಷೆಯಲ್ಲಿ ಅಮೋನಿಯಾ ಕಾಣದಿದ್ದ ಮೇಲೆಯೇ ಮೀನುಗಳನ್ನು ಬಿಡಬೇಕು. ಅನಂತರ ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಕೊಡಬೇಕು.

ಬಿಸಿಯಾದ ನೀರಿನಲ್ಲಿ ಪ್ರಾಣವಾಯುವು ಕಡಿಮೆ. ಬೇಸಗೆಯಲ್ಲಿ ತೊಟ್ಟಿಯನ್ನು ಬಿಸಿಲು ಬೀಳದ ಕಡೆ ಇಡತಕ್ಕದ್ದು. ವಿದ್ಯುತ್ತು ನಿಂತರೆ ತಂಬಿಗೆಯಿಂದ ತೊಟ್ಟಿಯ ನೀರನ್ನೆತ್ತಿ, ಆಗಾಗ ಮೇಲಿನಿಂದ ಸುರಿದರೆ ಗಾಳಿಯು ಬೆರೆಯುವುದು.

ರಾಜೇಶ್ವರದ ಸುತ್ತಿನಂತೆ ತೊಗರಿ, ಸೋಯಾ ಬೆಳೆಯುವ ಸೀಮೆಗಳಲ್ಲಿ ಇನ್ನೊಂದು ಎಚ್ಚರವು ಮುಖ್ಯ. ಬೆಳೆಗೆ ಸಿಂಪಡಿಸುವ ಔಷಧಗಳಲ್ಲಿ ಪೈರೆತ್ರಾಯ್ಡ್ ವರ್ಗದವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನನ್ನು ಕೊಲ್ಲುವುವು. ಸಿಂಪಡಿಸಿದ ಕೈಯನ್ನು ತೊಟ್ಟಿಯಲ್ಲಿ ಅದ್ದಬಾರದು; ಔಷಧ ಕಲಸಿದ ಕೊಡವನ್ನು ಎಷ್ಟು ತೊಳೆದರೂ ಮೀನಿನ ನೀರಿಗೆ ಉಪಯೋಗಿಸಬಾರದು. ತೊಟ್ಟಿಯ ಮೀನನ್ನು ಕೊಲ್ಲುವ ಆ ವಿಷವೇ ಹೊಲದಿಂದ ಹರಿದು ಕೆರೆಯ ಮೀನನ್ನೂ ಕೊಲ್ಲಬಲ್ಲದು.

ಕಡೆಯದಾಗಿ, ಸಾಕಲಾರದ ಮೀನನ್ನು ಕೆರೆಗೂ ಬಾವಿಗೂ ಬಿಡಬಾರದು. ರೋಗವೂ ಪರಕೀಯ ಜಾತಿಗಳೂ ಹಬ್ಬುವುದು ಹೀಗೆಯೇ. ಅಂಗಡಿಗೆ ಹಿಂದಿರುಗಿಸುವುದು ಅಥವಾ ಸಾಕುವ ಮತ್ತೊಬ್ಬರಿಗೆ ಕೊಡುವುದು ಯುಕ್ತ.