ಜಂಬದ ಹಾಡಿನೊಳಗಿನ ಅರಿಷಿಣ

ಶಾಲೆಯ ಸ್ನೇಹಸಮ್ಮೇಳನವೆಂದರೆ ಮುಖ್ಯಾಧ್ಯಾಪಕರಿಗೆ ಮಗಳ ಮದುವೆಯಷ್ಟೇ ಗಡಿಬಿಡಿ. ಯಾರ ಹಾಡು ಮೊದಲು, ಯಾರ ಕೋಲಾಟ ಆಮೇಲೆ, ಧ್ವನಿವರ್ಧಕದವನಿಗೆ ಎಷ್ಟು ಕೊಡಬೇಕು, ಎಲ್ಲವೂ ನಮ್ಮ ತಲೆಯ ಮೇಲೆಯೇ. ಮಿರಜದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ತರಗತಿಗಳಿವೆ. ಎರಡು ವರ್ಷಗಳ ಹಿಂದೆ ಆ ಏಳನೆಯ ಇಯತ್ತೆಯ ಹುಡುಗನೊಬ್ಬನು ತಾನೇ ಕಟ್ಟಿದ ಹಾಡನ್ನು ಸಮ್ಮೇಳನದಲ್ಲಿ ಹೇಳುವೆನೆಂದು ನಮ್ಮೆದುರು ಬಂದು ನಿಂತನು.

ಅದು ಈಗಿನ ಹುಡುಗರು ಮೆಚ್ಚುವ ರ್ಯಾಪ್. ರಾಗವಿಲ್ಲ, ಆಲಾಪವಿಲ್ಲ, ತೊಡೆ ತಟ್ಟುತ್ತ, ಪ್ರಾಸದ ಮೇಲೆ ಪ್ರಾಸ ಹೇರುತ್ತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು. ತನ್ನ ಸರಿಸಮ ಯಾರೂ ಇಲ್ಲವೆಂದು ಹುಡುಗನು ಆರಂಭಿಸಿದನು. ತಾನು ದಿನವೂ ಬಂಗಾರದ ಗುಡ್ಡ ಹೊರುವವನ ಮಗನಂತೆ. ತನ್ನಪ್ಪ ನಡೆದರೆ ಪೇಟೆಯೇ ಹಳದಿಯಾಗುವುದಂತೆ. ತನ್ನೂರಿನ ಹೆಸರು ಕೇಳಿದರೆ ಮಿರಜದ ಬಸ್‌ಸ್ಟ್ಯಾಂಡು ದಾರಿ ಬಿಡಬೇಕಂತೆ. ಸಹಶಿಕ್ಷಕರು ನಕ್ಕರು. ನಾವು ನಗಲಿಲ್ಲ. ವಿದ್ಯೆಗೆ ವಿನಯವೇ ಭೂಷಣವೆಂದು ಗೋಡೆಯ ಮೇಲೆ ಬರೆಯಿಸಿದವರು ನಾವೇ. ಪೇಟೆ ಹಳದಿಯಾಗುವುದೆಂದರೆ ಜನರ ಮುಖ ಭಯದಿಂದ ಬಿಳಿಚುವುದೆಂದು ಅರ್ಥಮಾಡಿಕೊಂಡು, ಇದು ಪುಂಡರ ಹಾಡೆಂದು ತೀರ್ಮಾನಿಸಿ, ಯಾದಿಯಲ್ಲಿದ್ದ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದೆವು.

ಸಮ್ಮೇಳನದ ದಿನ ಅವನ ತಂದೆ ಬಂದಿದ್ದನು. ಸಾಂಗಲಿಯ ಅರಿಷಿಣ ಪೇಟೆಯಲ್ಲಿ ಹಮಾಲಿ ಮಾಡುವವನು. ಅಂದಿನ ಕೂಲಿ ಬಿಟ್ಟು, ಮಡಿ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದನು. ಅರ್ಧ ಕಾರ್ಯಕ್ರಮ ಮುಗಿದ ಮೇಲೆ ಎದ್ದು ಬಂದು, "ಸರ, ನಮ್ಮ ಹುಡುಗನ ಪಾಳಿ ಯಾವಾಗ ಬರ್ತದರಿ?" ಎಂದು ಕೇಳಿದನು. ಹೇಳಬೇಕಾಯಿತು. "ಇರಲಿ ಬಿಡ್ರಿ, ನೀವು ತಿಳದವ್ರು" ಎಂದನು. ಮತ್ತೆ ಹೋಗಿ ಕುಳಿತು ಪರರ ಮಕ್ಕಳ ಹಾಡುಗಳನ್ನೆಲ್ಲ ಕೊನೆಯವರೆಗೆ ಕೇಳಿದನು. ಅವನು ಮಾತನಾಡುವಾಗ ನಮ್ಮ ಕಣ್ಣು ಅವನ ಕಾಲುಗಳ ಮೇಲೆ ಬಿದ್ದಿತ್ತು. ಎಷ್ಟು ತಿಕ್ಕಿ ತೊಳೆದಿದ್ದರೂ ಹಿಮ್ಮಡಿಯ ಸೀಳುಗಳಲ್ಲಿ, ಉಗುರಿನ ಸಂದುಗಳಲ್ಲಿ ಅರಿಷಿಣ ಉಳಿದಿತ್ತು.

ಸಾಂಗಲಿಯ ಅರಿಷಿಣದ ಹೆಸರು ನಮ್ಮವರಿಗೆ ಹೊಸದಲ್ಲ. 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹಿಂದೆ ಹರಿಪುರದ ನೆಲದೊಳಗಿನ ಹಗೇವುಗಳಲ್ಲಿ ಅದನ್ನು ತುಂಬಿಡುತ್ತಿದ್ದರು. 2005ರ ಮಹಾಪೂರದಲ್ಲಿ ಅವುಗಳಲ್ಲಿ ಬಹಳಷ್ಟು ಹಾಳಾದವು. ಮಾನ್ಯತೆ ಬೆಳೆಗೆ ಬಂತು, ಪೇಟೆಗೆ ಬಂತು. ಚೀಲ ಹೊತ್ತವನ ಬೆನ್ನಿಗೆ ಬಂದದ್ದು ಬಣ್ಣವೊಂದೇ.

ನಾವು ಶಿಕ್ಷಕ ತರಬೇತಿಯಲ್ಲಿದ್ದಾಗ ಪದ್ಯಪಾಠವನ್ನು ಹೇಗೆ ಮಾಡಬೇಕೆಂದು ಕಲಿಸಿದ್ದರು: ಮೊದಲು ಪದಾರ್ಥ, ಆಮೇಲೆ ಭಾವಾರ್ಥ, ಕೊನೆಗೆ ಕವಿಯ ಆಶಯ. ಮೂವತ್ತು ವರ್ಷ ಅದನ್ನೇ ಮಕ್ಕಳಿಗೆ ಮಾಡಿಸಿದ ನಾವು, ಒಬ್ಬ ಹುಡುಗನ ಹಾಡಿನ ಪದಾರ್ಥವನ್ನೂ ಕೇಳದೆ ಹೊಡೆದುಹಾಕಿದ್ದೆವು. ಮರುದಿನ ಅವನನ್ನು ಕರೆದು ಕೇಳಿದೆವು. ಒಮ್ಮೆ ತಂದೆಯ ಸಂಗಡ ಮಿರಜದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಪೇಟೆಯ ಹುಡುಗರು ಆ ಹಳದಿ ಕಾಲುಗಳನ್ನೂ, ಅವರಾಡುತ್ತಿದ್ದ ಕನ್ನಡವನ್ನೂ ಕಂಡು 'ಕಾನಡಿ, ಕಾನಡಿ' ಎಂದು ನಕ್ಕಿದ್ದರಂತೆ. "ಅಪ್ಪ ಸುಮ್ಮಕ ನಿಂತಿದ್ರಿ ಸರ. ಅವತ್ತ ರಾತ್ರಿನ ಕಟ್ಟಿದ್ನಿರಿ" ಎಂದನು.

ಗಡಿಭಾಗದ ನಮಗೆ ಜಂಬದ ಹಾಡು ಹೊಸದೇನೂ ಅಲ್ಲವೆಂಬುದು ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಜಾತ್ರೆಯ ರಾತ್ರಿ ಕಂಬಳಿ ಹೊದ್ದು ಕುಳಿತು ಕೇಳಿದ ಗೀಗೀ ಪದಗಳೆಂದರೆ ಮತ್ತೇನು? ಒಂದು ಕಡೆ ಹರದೇಶಿ ಮೇಳ, ಇನ್ನೊಂದು ಕಡೆ ನಾಗೇಶಿ ಮೇಳ; ಕೈಯಲ್ಲಿ ದಪ್ಪು, ಪಕ್ಕದಲ್ಲಿ ತುಂತುಣಿ. ಶಿವನೇ ಹೆಚ್ಚು, ಗಂಡೇ ಹಿರಿದೆಂದು ಹರದೇಶಿಯವರು. ಶಕ್ತಿಯೇ ಮೊದಲು, ಹೆಣ್ಣೇ ಹಿರಿದೆಂದು ನಾಗೇಶಿಯವರು. ಮರಾಠಿಯಲ್ಲಿ ಇದನ್ನೇ ತುರಾ-ಕಲಗಿ ಎನ್ನುವರು. ಸವಾಲು ಹಾಕಿದ ಮೇಳವು ಎದುರಾಳಿಯನ್ನು ಮೊದಲು ಹೀಯಾಳಿಸುವುದು, ತನ್ನ ಗುರುವನ್ನೂ ಊರನ್ನೂ ಮುಗಿಲಿಗೇರಿಸುವುದು, ಕಡೆಯ ನುಡಿಯಲ್ಲಿ ಕವಿಯು ತನ್ನ ಹೆಸರಿಟ್ಟು ಮೀಸೆ ತಿರುವುವುದು. ಆದರೆ ಆ ಜಂಬಕ್ಕೆ ಬೆಲೆ ತೆರಬೇಕಾಗುತ್ತಿತ್ತು. ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥ ತೊಡಕಿನ ಸವಾಲಿಗೆ ಬೆಳಗಾಗುವುದರೊಳಗೆ ಜವಾಬು ಕಟ್ಟದಿದ್ದರೆ ಇಡೀ ಜಾತ್ರೆಯೆದುರು ದಪ್ಪು ಕೆಳಗಿಡಬೇಕು. ಓದುಬರಹ ಬಾರದ ಒಕ್ಕಲಿಗನು ಪುರಾಣವನ್ನೂ ತತ್ತ್ವವನ್ನೂ ಬಾಯಿಪಾಠ ಮಾಡಿದ್ದು ಈ ಜಂಬವನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ಹಲಸಂಗಿಯ ಗೆಳೆಯರು 1933ರಲ್ಲಿ 'ಜೀವನ ಸಂಗೀತ'ವೆಂಬ ಲಾವಣಿ ಸಂಗ್ರಹವನ್ನು ಹೊರತಂದಾಗ ಸುಶಿಕ್ಷಿತರು ಈ ಪದಗಳ ಕಡೆಗೆ ಕಣ್ಣು ಹೊರಳಿಸಿದರು.

ನಮ್ಮ ಸಾಂಗಲಿ ಜಿಲ್ಲೆಯ ವಾಳವೆ ತಾಲೂಕಿನ ರೇಠರೆ ಹರಣಾಕ್ಷದಲ್ಲಿ ಹುಟ್ಟಿದ ಲಾವಣಿಕಾರನೊಬ್ಬನು ಕುಲಕರ್ಣಿಯೆಂಬ ಮನೆತನದ ಹೆಸರನ್ನು ಬಿಟ್ಟು 'ಪಠ್ಠೆ ಬಾಪೂರಾವ'ನಾದನು. ಪಠ್ಠೆಯೆಂಬುದು ಗರಡಿಯ ಮಾತು. ಇನ್ನೂ ಹಿಂದೆ ಹೋದರೆ, ಬಳೆಗಾರರ ಮನೆಯಲ್ಲಿ ಹುಟ್ಟಿದ ಮುಧೋಳದ ರನ್ನನು 993ರ ತನ್ನ ಅಜಿತಪುರಾಣದಲ್ಲಿ ತಾನು ವಾಗ್ದೇವಿಯ ಭಂಡಾರದ ಮುದ್ರೆ ಒಡೆದವನೆಂದು ಸಾರಿದನು. ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟು ಗುಂಡಿಗೆ ಬೇಕೆಂದು ಸವಾಲು ಹಾಕಿದನು. ಇದನ್ನು ತರಗತಿಯಲ್ಲಿ ಕವಿಯ ಆತ್ಮವಿಶ್ವಾಸವೆಂದು ಬಾಯಿತುಂಬ ಹೊಗಳುತ್ತ ಬಂದವರು ನಾವು! ಅರಸನಿಗಾದರೆ ಬಿರುದುಗಳನ್ನು ಶಾಸನದಲ್ಲಿ ಕೆತ್ತಿಸಿಕೊಳ್ಳಲು ಕವಿಗಳಿದ್ದರು, ಕಲ್ಲುಕುಟಿಗರಿದ್ದರು. ಬಳೆಗಾರನ ಮಗನಿಗೂ ಹಮಾಲನ ಮಗನಿಗೂ ಬಿರುದು ಕೊಡುವವರು ಯಾರು? ತಾವೇ ಕೂಗಿ ಹೇಳಿಕೊಳ್ಳಬೇಕು.

ರ್ಯಾಪ್ ಹುಟ್ಟಿದ ಬಗೆಯೂ ಇದಕ್ಕೆ ದೂರವಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ತರುಣನು ನಡೆಸಿದ ಒಂದು ಕೂಟವನ್ನು ಅದರ ಆರಂಭವೆಂದು ಹೇಳುತ್ತಾರೆ. ಅಲ್ಲಿಯ ಕಪ್ಪು ಜನಾಂಗದ ಹುಡುಗರೂ ತಮ್ಮ ಹೆಸರು, ತಮ್ಮ ಓಣಿ, ತಮ್ಮೆದುರು ನಿಲ್ಲುವವರಿಲ್ಲವೆಂಬ ಸವಾಲು ಇವನ್ನೇ ಪ್ರಾಸಕಟ್ಟಿ ಹೇಳಿದರು. ಈಗ ಮೊಬೈಲಿನಲ್ಲಿ ಬರುವ ಅಂಥ ಹಾಡುಗಳೆಲ್ಲವನ್ನೂ ನಾವು ಒಪ್ಪುವವರಲ್ಲ. ಕಾರು, ಕೊರಳ ಸರ, ಕುಡಿತ, ಹೆಂಗಸರ ಹೀಯಾಳಿಕೆ ಇಷ್ಟನ್ನೇ ಬಡಬಡಿಸುವವು ಬಹಳ. ಹಾಗೆ ನೋಡಿದರೆ ಮನೆಮಂದಿಯೊಡನೆ ಕುಳಿತು ಕೇಳಲಾಗದ ಲಾವಣಿಗಳೂ ಇದ್ದವು. ಅವುಗಳಿಗಾಗಿ ಹಿರಿಯರು ದಪ್ಪನ್ನೇ ಒಡೆಯಲಿಲ್ಲ.

ಮುಂದಿನ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹುಡುಗನಿಗೆ ಬೇವಿನ ಗಿಡದ ಕೆಳಗೆ ಹಾಡಲು ಹೇಳಿದೆವು. ಎಲ್ಲ ಇಯತ್ತೆಯ ಮಕ್ಕಳು ಸುತ್ತ ನೆರೆದರು. ಹಾಡಿದನು, ಆದರೆ ಮೊದಲಿನ ಆ ಧಾಟಿ ಇರಲಿಲ್ಲ. ತಂದೆ ಅಂದು ಸಾಂಗಲಿಯಲ್ಲಿ ಕೆಲಸಕ್ಕೆ ಹೋಗಿದ್ದನು. ಮುಂದಿನ ಸಮ್ಮೇಳನಕ್ಕೆ ಹಾಡಿಸೋಣವೆಂದರೆ ಅವನು ನಮ್ಮ ಶಾಲೆಯಲ್ಲಿ ಇರುವುದಿಲ್ಲ.

ಕಳೆದ ದೀಪಾವಳಿಯ ರಜೆಯಲ್ಲಿ ಬಸ್ಸಿನಲ್ಲಿ ಸಿಕ್ಕನು. ಮಿರಜದ ಮರಾಠಿ ಶಾಲೆಯಲ್ಲಿ ಈಗ ಒಂಬತ್ತನೆಯ ಇಯತ್ತೆ. ಮೀಸೆ ಚಿಗುರಿದೆ. ಹಾಡು ಕಟ್ಟುವುದು ಇದೆಯೋ ಬಿಟ್ಟಿದ್ದೀಯೋ ಎಂದು ಕೇಳಿದೆವು.

"ಕಟ್ತೇನ್ರಿ ಸರ. ಆದ್ರ ಈಗ ಎಲ್ಲಾ ಮರಾಠ್ಯಾಗ ಅದಾವ್ರಿ" ಎಂದನು. ಸ್ವಲ್ಪ ತಡೆದು, "ಊರ ಹೆಸರ ಬರೋ ಸಾಲ ಅಷ್ಟ ಬದ್ಲಿ ಮಾಡಿಲ್ರಿ" ಎಂದು ಹೇಳಿ, ನಮ್ಮ ಕೈಯಲ್ಲಿದ್ದ ಚೀಲವನ್ನು ತಾನು ತೆಗೆದುಕೊಂಡು ನಿಂತನು.